ಓಎನ್‌ಜಿಸಿ: ತೈಲ ಶೋಧನೆ ಮತ್ತು ಉತ್ಪಾದನೆಯ ವಾರ್ಷಿಕ ಲೆಕ್ಕ

ಭಾರತ ಬಳಸುವ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಪಾಲು ವಿದೇಶಗಳಿಂದ ಹಡಗೇರಿ ಬರುತ್ತದೆ. ಸ್ವದೇಶದಲ್ಲಿ ದೊರೆಯುವ ಅಲ್ಪ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೆಲದಾಳದಿಂದಲೂ ಕಡಲ ತಳದಿಂದಲೂ ಮೇಲೆತ್ತುತ್ತಿರುವುದು ಸಾರ್ವಜನಿಕ ವಲಯದ ತೈಲ ಮತ್ತು ನೈಸರ್ಗಿಕ ಅನಿಲ ನಿಗಮ, ಅಂದರೆ ಓಎನ್‌ಜಿಸಿ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಪ್ರತಿ ಹಣಕಾಸು ವರ್ಷದ ಕೊನೆಯಲ್ಲಿ ಈ ಸಂಸ್ಥೆ ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ಎಷ್ಟು ತೈಲ, ಅನಿಲ ತೆಗೆಯಲಾಯಿತು? ತೆಗೆದದ್ದಕ್ಕೆ ಬದಲಾಗಿ ಎಷ್ಟು ಹೊಸದಾಗಿ ಪತ್ತೆಯಾಯಿತು? ದೇಶದ ಆಮದು ವೆಚ್ಚದ ಏರಿಳಿತಕ್ಕೆ ಈ ಎರಡು ಉತ್ತರಗಳೊಂದಿಗೆ ನೇರ ನಂಟಿದೆ.

ಹಿನ್ನೆಲೆ

ಅಸ್ಸಾಂನ ದಿಗ್ಬೋಯ್‌ನಲ್ಲಿ 1889ರಲ್ಲೇ ತೈಲ ದೊರೆತು, 1901ರಲ್ಲಿ ಅಲ್ಲಿ ಸಂಸ್ಕರಣಾಗಾರವೂ ಆರಂಭವಾಗಿತ್ತು. ಆದರೆ ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿ ತೈಲೋದ್ಯಮ ಬಹುತೇಕ ವಿದೇಶಿ ಕಂಪನಿಗಳ ಕೈಯಲ್ಲಿತ್ತು. ಕೇಂದ್ರ ಸಚಿವ ಕೇಶವದೇವ ಮಾಳವೀಯ ಅವರ ಪ್ರಯತ್ನದ ಫಲವಾಗಿ 1955ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ನಿರ್ದೇಶನಾಲಯ ಸ್ಥಾಪನೆಗೊಂಡಿತು. 1956ರ ಆಗಸ್ಟ್ 14ರಂದು ಅದು ಆಯೋಗವಾಯಿತು. 1959ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಶಾಸನಬದ್ಧ ಸ್ಥಾನಮಾನ ಪಡೆದು, 1993ರಲ್ಲಿ ಕಂಪನಿಯಾಗಿ ನೋಂದಣಿಯಾಯಿತು.

ಸೋವಿಯತ್ ಒಕ್ಕೂಟದ ತಜ್ಞರ ನೆರವಿನೊಂದಿಗೆ ನಡೆದ ಆರಂಭದ ಶೋಧನೆಗಳು ಬೇಗನೆ ಫಲ ನೀಡಿದವು. ಗುಜರಾತಿನ ಖಂಭಾತ್‌ನಲ್ಲಿ 1958ರಲ್ಲಿಯೂ ಅಂಕಲೇಶ್ವರದಲ್ಲಿ 1960ರಲ್ಲಿಯೂ ತೈಲ ಸಿಕ್ಕಿತು. ಅದೇ ವರ್ಷ ಅಸ್ಸಾಂನ ರುದ್ರಸಾಗರದಲ್ಲೂ ನಿಕ್ಷೇಪ ಪತ್ತೆಯಾಯಿತು. ಬಳಿಕ ಗಮನ ಕಡಲಿನತ್ತ ಹೊರಳಿತು. ಮುಂಬೈ ಕರಾವಳಿಯಿಂದ ಸುಮಾರು 160 ಕಿ.ಮೀ. ದೂರದ ಅರಬ್ಬಿ ಸಮುದ್ರದಲ್ಲಿ ‘ಸಾಗರ ಸಾಮ್ರಾಟ’ ಎಂಬ ಕೊರೆತ ನೌಕೆ 1974ರ ಫೆಬ್ರುವರಿಯಲ್ಲಿ ಬಾಂಬೆ ಹೈ ನಿಕ್ಷೇಪವನ್ನು ಪತ್ತೆ ಮಾಡಿತು. 1976ರ ಮೇ 21ರಂದು ಅಲ್ಲಿ ಉತ್ಪಾದನೆ ಆರಂಭವಾಯಿತು. ಇಂದಿಗೂ ದೇಶದ ಅತಿ ದೊಡ್ಡ ತೈಲ ಕ್ಷೇತ್ರಗಳಲ್ಲಿ ಒಂದಾಗಿರುವ ಅದು ಈಗ ಮುಂಬೈ ಹೈ ಎಂದು ಪರಿಚಿತ.

ಶೋಧನೆ ನಡೆಯುವ ಬಗೆ

ತೈಲ ಹುಡುಕಾಟ ಆರಂಭವಾಗುವುದು ಭೂಕಂಪನ ಸಮೀಕ್ಷೆಯಿಂದ. ನೆಲದ ಮೇಲೆ ಸಣ್ಣ ಸ್ಫೋಟಗಳಿಂದಲೋ ಕಂಪನ ಹುಟ್ಟಿಸುವ ಭಾರೀ ವಾಹನಗಳಿಂದಲೋ, ಕಡಲಿನಲ್ಲಿ ಹಡಗು ಎಳೆದೊಯ್ಯುವ ವಾಯು ಬಂದೂಕುಗಳಿಂದಲೋ ಅಲೆಗಳನ್ನು ಎಬ್ಬಿಸಲಾಗುತ್ತದೆ. ಶಿಲಾ ಪದರಗಳಿಗೆ ಬಡಿದು ಹಿಂತಿರುಗುವ ಅಲೆಗಳನ್ನು ದಾಖಲಿಸಿ, ಕಂಪ್ಯೂಟರ್ ನೆರವಿನಿಂದ ಭೂಗರ್ಭದ ಚಿತ್ರವನ್ನು ರೂಪಿಸಲಾಗುತ್ತದೆ. ತೈಲ ತುಂಬಿಕೊಳ್ಳಬಲ್ಲ ರಂಧ್ರಯುಕ್ತ ಶಿಲೆ, ಅದನ್ನು ಮೇಲಿನಿಂದ ಮುಚ್ಚಿಹಿಡಿಯುವ ಬಿಗಿ ಪದರ ಎಲ್ಲಿ ಕೂಡಿವೆ ಎಂಬುದನ್ನು ಈ ಚಿತ್ರ ಸೂಚಿಸುತ್ತದೆ. ಆದರೆ ಅಲ್ಲಿ ತೈಲ ಇದೆಯೇ ಇಲ್ಲವೇ ಎಂಬುದು ಬಾವಿ ಕೊರೆದ ಮೇಲಷ್ಟೇ ಖಚಿತವಾಗುತ್ತದೆ. ಹಲವು ಬಾವಿಗಳು ಬರಿದಾಗಿಯೇ ಉಳಿಯುತ್ತವೆ. ಆ ವೆಚ್ಚವನ್ನೂ ಸಂಸ್ಥೆಯೇ ಹೊರಬೇಕು.

ಬಾವಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹೊಸ ನಿಕ್ಷೇಪ ಹುಡುಕಲು ಕೊರೆಯುವುದು ಶೋಧನಾ ಬಾವಿ. ಈಗಾಗಲೇ ದೊರೆತ ನಿಕ್ಷೇಪದಿಂದ ತೈಲ ತೆಗೆಯಲು ಕೊರೆಯುವುದು ಅಭಿವೃದ್ಧಿ ಬಾವಿ. 2023-24ರಲ್ಲಿ ಓಎನ್‌ಜಿಸಿ ಒಟ್ಟು 541 ಬಾವಿಗಳನ್ನು ಕೊರೆಯಿತು. ಅವುಗಳಲ್ಲಿ 103 ಶೋಧನಾ ಬಾವಿಗಳಾದರೆ 438 ಅಭಿವೃದ್ಧಿ ಬಾವಿಗಳು. 2024-25ರಲ್ಲಿ ಈ ಸಂಖ್ಯೆ 578ಕ್ಕೆ ಏರಿತು. ಮೂರೂವರೆ ದಶಕಗಳಲ್ಲೇ ಇದು ಗರಿಷ್ಠ.

ದೇಶದಲ್ಲಿ 26 ಸಂಚಿತ ಶಿಲಾ ಜಲಾನಯನ ಪ್ರದೇಶಗಳಿದ್ದು, ಅವುಗಳ ವಿಸ್ತಾರ ಸುಮಾರು 33.6 ಲಕ್ಷ ಚದರ ಕಿ.ಮೀ. ಮುಂಬೈ ಕಡಲು, ಖಂಭಾತ್, ಕೃಷ್ಣಾ-ಗೋದಾವರಿ, ಕಾವೇರಿ, ರಾಜಸ್ಥಾನ ಹಾಗೂ ಅಸ್ಸಾಂ ಸುತ್ತಲಿನ ಪ್ರದೇಶಗಳಷ್ಟೇ ಬಹುಕಾಲದಿಂದ ವಾಣಿಜ್ಯ ಉತ್ಪಾದನೆ ನೀಡುತ್ತಾ ಬಂದಿವೆ. ಪಶ್ಚಿಮ ಬಂಗಾಳದ ಅಶೋಕನಗರದಲ್ಲಿ 2020ರ ಡಿಸೆಂಬರ್‌ನಲ್ಲಿ ತೈಲ ಹರಿದಾಗ ಬಂಗಾಳ ಜಲಾನಯನವೂ ಈ ಪಟ್ಟಿಗೆ ಸೇರಿತು.

ಉತ್ಪಾದನೆಯ ಚಿತ್ರ

ಜಂಟಿ ಪಾಲುದಾರಿಕೆಯ ಕ್ಷೇತ್ರಗಳನ್ನು ಬಿಟ್ಟು, 2015-16ರಲ್ಲಿ ಓಎನ್‌ಜಿಸಿ ತನ್ನ ಕ್ಷೇತ್ರಗಳಿಂದ ಸುಮಾರು 22 ದಶಲಕ್ಷ ಟನ್ ಕಚ್ಚಾ ತೈಲ ತೆಗೆದಿತ್ತು. 2023-24ರ ವೇಳೆಗೆ ಇದು 18.4 ದಶಲಕ್ಷ ಟನ್‌ಗೆ ಇಳಿಯಿತು. 2024-25ರಲ್ಲಿ ಇಳಿಕೆ ನಿಂತು, ಉತ್ಪಾದನೆ ಸುಮಾರು 18.56 ದಶಲಕ್ಷ ಟನ್ ಮುಟ್ಟಿತು. ದಿನದ ಲೆಕ್ಕದಲ್ಲಿ ಇದು ಅಂದಾಜು 3.7 ಲಕ್ಷ ಬ್ಯಾರೆಲ್. ದೇಶದ ದಿನದ ಬಳಕೆಯಾದರೋ 50 ಲಕ್ಷ ಬ್ಯಾರೆಲ್ ಮೀರಿದೆ. ನೈಸರ್ಗಿಕ ಅನಿಲದ ವಾರ್ಷಿಕ ಉತ್ಪಾದನೆ 20 ಶತಕೋಟಿ ಘನ ಮೀಟರ್‌ಗೆ ಸಮೀಪದಲ್ಲಿದೆ.

ಇಳಿಕೆಗೆ ಮುಖ್ಯ ಕಾರಣ ಕ್ಷೇತ್ರಗಳ ವಯಸ್ಸು. ತೈಲ ತೆಗೆದಂತೆ ನಿಕ್ಷೇಪದ ಒಳಗಿನ ಒತ್ತಡ ಕುಗ್ಗುತ್ತದೆ, ತೈಲದೊಡನೆ ಬರುವ ನೀರಿನ ಪ್ರಮಾಣ ಹೆಚ್ಚುತ್ತದೆ. ಒತ್ತಡ ಕಾಯ್ದುಕೊಳ್ಳಲು ನೀರನ್ನು ಒಳಕ್ಕೆ ತುಂಬುವುದು, ಹಳೆಯ ಬಾವಿಗಳನ್ನು ದುರಸ್ತಿಗೊಳಿಸುವುದು, ಹಳೆಯ ಬಾವಿಯಿಂದಲೇ ಪಕ್ಕಕ್ಕೆ ಹೊಸ ಕವಲು ಕೊರೆಯುವುದು ಮುಂತಾದ ಕ್ರಮಗಳನ್ನು ವರ್ಷವಿಡೀ ಕೈಗೊಳ್ಳಲಾಗುತ್ತದೆ. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ದಿನಕ್ಕೆ 4.7 ಲಕ್ಷ ಬ್ಯಾರೆಲ್ ಆಸುಪಾಸಿನಲ್ಲಿದ್ದ ಮುಂಬೈ ಹೈ ಉತ್ಪಾದನೆ 2024ರ ವೇಳೆಗೆ ಅದರ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದಿತ್ತು. ಇದನ್ನು ಮೇಲೆತ್ತುವ ಉದ್ದೇಶದಿಂದ 2025ರ ಜನವರಿಯಲ್ಲಿ ಬ್ರಿಟನ್ ಮೂಲದ ಬಿಪಿ ಕಂಪನಿಯನ್ನು 10 ವರ್ಷಗಳ ಅವಧಿಗೆ ತಾಂತ್ರಿಕ ಸೇವೆಗಾಗಿ ಆಯ್ಕೆ ಮಾಡಲಾಯಿತು.

ಕಾಗದದ ಮೇಲಿನ ನಿಕ್ಷೇಪ

ಒಂದು ವರ್ಷದಲ್ಲಿ ತೆಗೆದ ತೈಲ-ಅನಿಲಕ್ಕೆ ಹೋಲಿಸಿದರೆ ಅದೇ ವರ್ಷ ಹೊಸದಾಗಿ ಸೇರಿದ ನಿಕ್ಷೇಪ ಎಷ್ಟು ಎಂಬುದನ್ನು ಮರುಪೂರಣ ಅನುಪಾತ ಎನ್ನುತ್ತಾರೆ. ತೆಗೆದಷ್ಟೇ ಸೇರಿದರೆ ಅನುಪಾತ 1. ಓಎನ್‌ಜಿಸಿ ಸತತ ಹಲವು ವರ್ಷಗಳಿಂದ ಈ ಅನುಪಾತ 1ಕ್ಕಿಂತ ಹೆಚ್ಚೆಂದು ವರದಿ ಮಾಡುತ್ತಿದೆ. ಹೀಗಿದ್ದೂ ಉತ್ಪಾದನೆ ಇಳಿದದ್ದು ಹೇಗೆ ಎಂಬ ಸಂದೇಹ ಸಹಜ. ಪತ್ತೆಯಾದ ನಿಕ್ಷೇಪ ಮರುದಿನವೇ ತೈಲವಾಗಿ ಹರಿಯುವುದಿಲ್ಲ ಎಂಬುದೇ ಅದಕ್ಕೆ ಉತ್ತರ.

ಆಂಧ್ರಪ್ರದೇಶದ ಕಾಕಿನಾಡ ಕರಾವಳಿಗೆ ಎದುರಾಗಿ ಬಂಗಾಳ ಕೊಲ್ಲಿಯಲ್ಲಿರುವ ಕೆಜಿ-98/2 ಕ್ಷೇತ್ರ ಇದಕ್ಕೆ ನಿದರ್ಶನ. ಅಲ್ಲಿನ ಯೋಜನೆಗೆ 2016ರಲ್ಲಿ ಆಡಳಿತ ಮಂಡಳಿ 500 ಕೋಟಿ ಡಾಲರ್‌ಗೂ ಮಿಕ್ಕ ಹೂಡಿಕೆಗೆ ಒಪ್ಪಿಗೆ ನೀಡಿತು. 2020ರಲ್ಲಿ ತೈಲ ಹೊರಬರಬೇಕೆಂಬ ಗುರಿ ಇತ್ತು. ಮೊದಲ ತೈಲ ಹರಿದದ್ದು 2024ರ ಜನವರಿ 7ರಂದು. ಬಾಂಬೆ ಹೈನಲ್ಲಿ ಶೋಧನೆಯಿಂದ ಉತ್ಪಾದನೆಗೆ ಹಿಡಿದದ್ದು 27 ತಿಂಗಳು. ಆಳ ಕಡಲಿನ ಈ ಕ್ಷೇತ್ರದಲ್ಲಿ ಹೂಡಿಕೆಗೆ ಒಪ್ಪಿಗೆ ದೊರೆತ ಮೇಲೂ ಸುಮಾರು ಎಂಟು ವರ್ಷ ಹಿಡಿಯಿತು. ಸುಲಭವಾಗಿ ಸಿಗುವ ತೈಲದ ಕಾಲ ಮುಗಿದು, ಆಳದ, ಚದುರಿದ, ದುಬಾರಿ ನಿಕ್ಷೇಪಗಳ ಕಾಲ ಬಂದಿರುವುದನ್ನು ಈ ಹೋಲಿಕೆ ತೋರಿಸುತ್ತದೆ.

ಬೆಲೆ ಮತ್ತು ತೆರಿಗೆ

ಉತ್ಪಾದನೆಯಷ್ಟೇ ಆದಾಯವನ್ನು ನಿರ್ಧರಿಸುವುದಿಲ್ಲ. ಕಚ್ಚಾ ತೈಲದ ಬೆಲೆ ಅಂತರರಾಷ್ಟ್ರೀಯ ಮಾರುಕಟ್ಟೆಯನ್ನು ಅನುಸರಿಸುತ್ತದೆ. ಬೆಲೆ ಗಗನಕ್ಕೇರಿದಾಗ 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ಸ್ವದೇಶಿ ಕಚ್ಚಾ ತೈಲದ ಮೇಲೆ ಹೆಚ್ಚುವರಿ ಲಾಭ ತೆರಿಗೆ ವಿಧಿಸಿತು. 2024ರ ಡಿಸೆಂಬರ್‌ನಲ್ಲಿ ಅದನ್ನು ಕೈಬಿಡಲಾಯಿತು. ಹಳೆಯ ಕ್ಷೇತ್ರಗಳ ಅನಿಲಕ್ಕೆ 2023ರ ಏಪ್ರಿಲ್‌ನಿಂದ ಹೊಸ ಸೂತ್ರ ಜಾರಿಯಾಗಿ, ಕನಿಷ್ಠ ಹಾಗೂ ಗರಿಷ್ಠ ಬೆಲೆಯ ಮಿತಿ ನಿಗದಿಯಾಯಿತು. ನೆಲದ ಮೇಲಿನ ಕ್ಷೇತ್ರಗಳ ರಾಜಧನ ಆಯಾ ರಾಜ್ಯಕ್ಕೂ, ಕಡಲ ಕ್ಷೇತ್ರಗಳ ರಾಜಧನ ಕೇಂದ್ರಕ್ಕೂ ಸಲ್ಲುತ್ತದೆ.

ಅಪಾಯದ ದುಡಿಮೆ

ಅಂಕಿಸಂಖ್ಯೆಗಳ ಹಿಂದೆ ಜೀವಭಯದ ದುಡಿಮೆಯೂ ಇದೆ. 1995ರ ಜನವರಿಯಲ್ಲಿ ಆಂಧ್ರದ ಪಾಸರ್ಲಪೂಡಿಯಲ್ಲಿ ಬಾವಿಯೊಂದು ಸ್ಫೋಟಗೊಂಡು, ಬೆಂಕಿ ಎರಡು ತಿಂಗಳಿಗೂ ಹೆಚ್ಚು ಕಾಲ ಉರಿಯಿತು. 2005ರ ಜುಲೈ 27ರಂದು ಮಳೆಗಾಲದ ಪ್ರಕ್ಷುಬ್ಧ ಕಡಲಿನಲ್ಲಿ ಸಹಾಯಕ ನೌಕೆಯೊಂದು ಮುಂಬೈ ಹೈ ಉತ್ತರ ವೇದಿಕೆಯ ಅನಿಲ ಕೊಳವೆಗೆ ಬಡಿಯಿತು. ಗಾಯಗೊಂಡ ಸಿಬ್ಬಂದಿಯೊಬ್ಬರನ್ನು ವೇದಿಕೆಗೆ ಸಾಗಿಸುವ ಹೊತ್ತಿನಲ್ಲಿ ಸಂಭವಿಸಿದ ಈ ಅವಘಡದಲ್ಲಿ ಬೆಂಕಿ ಹೊತ್ತಿಕೊಂಡು 22 ಮಂದಿ ಮೃತಪಟ್ಟರು ಅಥವಾ ಕಾಣೆಯಾದರು. ವೇದಿಕೆ ಕೆಲವೇ ಗಂಟೆಗಳಲ್ಲಿ ನಾಶವಾಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಹೊಡೆತಕ್ಕೆ ಪಿ-305 ಎಂಬ ವಸತಿ ದೋಣಿ ಮುಳುಗಿ 70ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರು ಗುತ್ತಿಗೆ ಸಂಸ್ಥೆಯ ಮೂಲಕ ತೈಲ ಕ್ಷೇತ್ರದ ಕೆಲಸಕ್ಕೆ ತೆರಳಿದ್ದವರು.

ಕರ್ನಾಟಕದ ನಂಟು

ರಾಜ್ಯದಲ್ಲಿ ತೈಲ ಉತ್ಪಾದಿಸುವ ಬಾವಿಗಳಿಲ್ಲ. ಆದರೂ ಓಎನ್‌ಜಿಸಿಯ ಸಂಸ್ಕರಣಾ ವ್ಯವಹಾರದಲ್ಲಿ ಮಂಗಳೂರಿಗೆ ಮುಖ್ಯ ಸ್ಥಾನವಿದೆ. 2003ರಲ್ಲಿ ಮಂಗಳೂರು ರಿಫೈನರಿ ಅಂಡ್ ಪೆಟ್ರೋಕೆಮಿಕಲ್ಸ್ (ಎಂಆರ್‌ಪಿಎಲ್) ಸಂಸ್ಥೆಯನ್ನು ಓಎನ್‌ಜಿಸಿ ಆದಿತ್ಯ ಬಿರ್ಲಾ ಸಮೂಹದಿಂದ ತನ್ನ ತೆಕ್ಕೆಗೆ ತೆಗೆದುಕೊಂಡಿತು. ವರ್ಷಕ್ಕೆ 15 ದಶಲಕ್ಷ ಟನ್ ಸಾಮರ್ಥ್ಯದ ಈ ಸಂಸ್ಕರಣಾಗಾರ ಆಮದು ತೈಲದೊಡನೆ ಮುಂಬೈ ಹೈ ತೈಲವನ್ನೂ ಸಂಸ್ಕರಿಸುತ್ತದೆ. ತುರ್ತು ಸಂದರ್ಭಗಳಿಗಾಗಿ ಕಚ್ಚಾ ತೈಲ ಸಂಗ್ರಹಿಸುವ ದೇಶದ ಮೂರು ಭೂಗತ ಗುಹಾಗಾರಗಳಲ್ಲಿ ಎರಡು ಮಂಗಳೂರು ಹಾಗೂ ಉಡುಪಿ ಜಿಲ್ಲೆಯ ಪಾದೂರಿನಲ್ಲಿವೆ. ಇವು ಕೇಂದ್ರ ಸರ್ಕಾರದ ಪ್ರತ್ಯೇಕ ಸಂಸ್ಥೆಗೆ ಸೇರಿವೆ.

ವರದಿಯಲ್ಲಿ ಗಮನಿಸಬೇಕಾದದ್ದು

ಓಎನ್‌ಜಿಸಿಯ ವಾರ್ಷಿಕ ವರದಿಯಲ್ಲಿ ಲಾಭದ ಅಂಕಿಯೇ ಮೊದಲು ಕಣ್ಣಿಗೆ ಬೀಳುತ್ತದೆ. ಆದರೆ ತೈಲ ಬೆಲೆ ಏರಿದರೆ ಉತ್ಪಾದನೆ ಕುಗ್ಗಿದಾಗಲೂ ಲಾಭ ಹೆಚ್ಚಬಹುದು. ಆದ್ದರಿಂದ ಶೋಧನಾ ಬಾವಿಗಳ ಸಂಖ್ಯೆ, ಮರುಪೂರಣ ಅನುಪಾತ, ಹಳೆಯ ಕ್ಷೇತ್ರಗಳ ಉತ್ಪಾದನೆ ಹಾಗೂ ಹೊಸ ಕ್ಷೇತ್ರಗಳಿಂದ ನಿಜವಾಗಿ ಹೊರಬಂದ ತೈಲ ಎಂಬ ನಾಲ್ಕು ಅಂಶಗಳನ್ನು ಒಟ್ಟಿಗೆ ಇಟ್ಟು ನೋಡುವುದು ಸೂಕ್ತ. ಮೊದಲ ಎರಡು ಮುಂದಿನ ದಶಕದ ಸೂಚನೆ ನೀಡಿದರೆ, ಕೊನೆಯ ಎರಡು ದೇಶ ಆ ವರ್ಷ ಎಷ್ಟು ತೈಲವನ್ನು ಹೊರಗಿನಿಂದ ಕೊಳ್ಳಬೇಕಾಯಿತು ಎಂಬುದಕ್ಕೆ ವಿವರಣೆ ಒದಗಿಸುತ್ತವೆ.