ಎಕೋ ರಿಪೋರ್ಟ್ ನಾರ್ಮಲ್ ಬಂದರೆ ಹೃದಯಾಘಾತ ಆಗುವುದಿಲ್ಲವೇ?

2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹರಡಿದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದ್ದರು. ‘ಒಮ್ಮೆ ಎಕೋ ಮಾಡಿಸಿ, ನಾರ್ಮಲ್ ಬಂದರೆ ಚಿಂತೆಯಿಲ್ಲ’ ಎಂಬ ಮಾತು ನಮ್ಮಲ್ಲಿ ಹಲವರ ಬಾಯಲ್ಲಿದೆ. ಶಿವಮೊಗ್ಗದ ವಿನೋಬನಗರದಲ್ಲಿರಲಿ, ಭದ್ರಾವತಿಯಲ್ಲಿರಲಿ, ಈ ಮಾತನ್ನು ನಂಬಿ ಎದೆನೋವನ್ನು ಕಡೆಗಣಿಸಿದರೆ ಜೀವಕ್ಕೇ ಅಪಾಯ. ಹಾಗಾದರೆ ಈ ಪರೀಕ್ಷೆ ನಿಜವಾಗಿ ಏನನ್ನು ತೋರಿಸುತ್ತದೆ? ತಿಳಿಯೋಣ.

ಡಾಪ್ಲರ್ ಎಂದರೇನು?

ತಾಳಗುಪ್ಪದ ಕಡೆಗೆ ಹೋಗುವ ರೈಲು ನಮ್ಮತ್ತ ಬರುವಾಗ ಅದರ ಹಾರ್ನ್ ಕೀರಲಾಗಿ ಕೇಳುತ್ತದೆ, ದಾಟಿ ಹೋದ ಮೇಲೆ ದಪ್ಪಗಾಗುತ್ತದೆ. ಇದರ ಹಿಂದಿನ ನಿಯಮವನ್ನು 1842ರಲ್ಲಿ ವಿವರಿಸಿದವರು ಆಸ್ಟ್ರಿಯಾದ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್. ಎಕೋ ಯಂತ್ರವೂ ಇದನ್ನೇ ಬಳಸುತ್ತದೆ. ಎದೆಯ ಮೇಲಿಟ್ಟ ಪ್ರೋಬ್‌ನಿಂದ ಹೊರಟ ಶಬ್ದತರಂಗ, ಹರಿಯುವ ರಕ್ತಕಣಗಳಿಗೆ ತಾಗಿ ಮರಳುತ್ತದೆ. ಅದರ ಬದಲಾವಣೆಯಿಂದ ರಕ್ತದ ವೇಗ ಮತ್ತು ದಿಕ್ಕು ಗೊತ್ತಾಗುತ್ತದೆ. ಇದು ಎಕ್ಸ್‌ರೇ ಅಲ್ಲ, ಆದ್ದರಿಂದ ವಿಕಿರಣದ ಭಯ ಬೇಡ.

ಪರದೆಯ ಕೆಂಪು-ನೀಲಿ ಏನು?

ಕೆಂಪು ಎಂದರೆ ಶುದ್ಧ ರಕ್ತ, ನೀಲಿ ಎಂದರೆ ಅಶುದ್ಧ ರಕ್ತ ಎಂದು ಹಲವರು ತಿಳಿಯುತ್ತಾರೆ. ಇದು ತಪ್ಪು. ಸಾಮಾನ್ಯವಾಗಿ ಪ್ರೋಬ್‌ನತ್ತ ಬರುವ ರಕ್ತಕ್ಕೆ ಕೆಂಪು, ದೂರ ಸರಿಯುವ ರಕ್ತಕ್ಕೆ ನೀಲಿ ಬಣ್ಣವನ್ನು ಯಂತ್ರವೇ ಕೊಡುತ್ತದೆ.

ಹೃದ್ರೋಗಿಗಳಿಗೆ ಇದರಿಂದ ಏನು ಉಪಯೋಗ?

• ಕವಾಟಗಳು: ಕವಾಟ ಸೋರಿದರೆ ರಕ್ತ ಹಿಂದಕ್ಕೆ ಹರಿಯುವುದು ಕಾಣುತ್ತದೆ. ಕಿರಿದಾದರೆ, ಪೈಪಿನ ಬಾಯಿಗೆ ಬೆರಳು ಒತ್ತಿದಾಗ ನೀರು ಚಿಮ್ಮುವಂತೆ ರಕ್ತದ ವೇಗ ಏರುತ್ತದೆ. ಮಹಾಪಧಮನಿಯ ಕವಾಟದಲ್ಲಿ ವೇಗ ಸೆಕೆಂಡಿಗೆ 4 ಮೀಟರ್ ಮುಟ್ಟಿದರೆ ಅದು ತೀವ್ರ ಸಮಸ್ಯೆಯ ಸೂಚನೆ.

• ಪಂಪ್ ಮಾಡುವ ಶಕ್ತಿ: ರಿಪೋರ್ಟ್‌ನಲ್ಲಿ ‘ಇಎಫ್ 60%’ ಎಂದಿದ್ದರೆ ಹೃದಯ 40% ಹಾಳಾಗಿದೆ ಎಂದಲ್ಲ! ಎಡ ಕುಹರದಲ್ಲಿ ತುಂಬಿದ 100 ಮಿಲಿಲೀಟರ್ ರಕ್ತದಲ್ಲಿ 60 ಮಿಲಿಲೀಟರ್ ಒಂದು ಬಡಿತಕ್ಕೆ ಹೊರಬಿತ್ತು ಎಂದರ್ಥ. ಆರೋಗ್ಯವಂತ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. 60% ಸಹಜ. 40% ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪಂಪ್ ಮಾಡುವ ಶಕ್ತಿ ಕುಗ್ಗಿದೆ ಎಂದು ವೈದ್ಯರು ಪರಿಗಣಿಸುತ್ತಾರೆ.

• ಸಡಿಲಗೊಳ್ಳುವ ಶಕ್ತಿ: ಇಎಫ್ ಸರಿಯಿದ್ದರೂ ಕೆಲವರಿಗೆ ಏದುಸಿರು, ಕಾಲೂತ ಬರುತ್ತದೆ. ಹೃದಯ ಬಿಗಿಯಾಗಿ, ರಕ್ತ ಸರಾಗವಾಗಿ ತುಂಬಿಕೊಳ್ಳದಿರುವುದು ಇದಕ್ಕೆ ಒಂದು ಕಾರಣ. ಇದನ್ನು ಪತ್ತೆಹಚ್ಚಲು ಡಾಪ್ಲರ್ ಬಹಳ ಮುಖ್ಯ.

ಏನನ್ನು ಹೇಳುವುದಿಲ್ಲ?

ಹೃದಯದ ಸ್ನಾಯುವಿಗೇ ರಕ್ತ ಕೊಡುವ ಸಣ್ಣ ನಾಳಗಳಲ್ಲಿನ ಬ್ಲಾಕ್ ಅನ್ನು ಸಾಮಾನ್ಯ ಎಕೋ ನೇರವಾಗಿ ತೋರಿಸುವುದಿಲ್ಲ. ನಾಳ 70% ಕಿರಿದಾಗಿದ್ದರೂ, ವಿಶ್ರಾಂತಿಯಲ್ಲಿ ಮಲಗಿದವರ ಎಕೋ ನಾರ್ಮಲ್ ಬರಬಹುದು. ಹೃದಯಾಘಾತದಿಂದ ಸ್ನಾಯು ಪೆಟ್ಟು ತಿಂದಿದ್ದರೆ ಆ ಭಾಗದ ಚಲನೆ ಕುಂದಿರುವುದು ಕಾಣಬಹುದು. ಆದರೆ ಮುಂದೆ ಆಗಲಿರುವ ಆಘಾತವನ್ನು ಎಕೋ ಮುಂಚಿತವಾಗಿ ಹೇಳಲಾರದು. ಬ್ಲಾಕ್‌ನ ಅನುಮಾನವಿದ್ದರೆ ವೈದ್ಯರು ಟ್ರೆಡ್‌ಮಿಲ್ ಪರೀಕ್ಷೆ, ಸಿಟಿ ಅಥವಾ ಆಂಜಿಯೋಗ್ರಾಂ ಸೂಚಿಸುತ್ತಾರೆ.

ಇನ್ನೊಂದು ಮಾತು: ರಿಪೋರ್ಟ್‌ನಲ್ಲಿ ‘ಟ್ರಿವಿಯಲ್’ ಸೋರಿಕೆ ಎಂದು ಬರೆದಿದ್ದರೆ ಗಾಬರಿ ಬೇಡ. ಆರೋಗ್ಯವಂತರಲ್ಲೂ ಇದು ಸಾಮಾನ್ಯ.

ತೀರ್ಮಾನ

‘ಎಕೋ ನಾರ್ಮಲ್ ಇದ್ದರೆ ಹೃದಯಾಘಾತ ಆಗುವುದಿಲ್ಲ’ ಎಂಬುದು ತಪ್ಪು. ಎದೆಯಲ್ಲಿ ಒತ್ತಿದಂತಹ ನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ಹಳೆಯ ರಿಪೋರ್ಟ್ ಹುಡುಕುತ್ತಾ ಕೂರಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡಿ.