ಪುಟದೋಷ ನಿರ್ವಹಣೆ

ಪುಟದೋಷ ಅಥವಾ ಪೇಜ್ ಫಾಲ್ಟ್ ಎಂಬುದು ಕಂಪ್ಯೂಟರಿನ ಪ್ರೊಸೆಸರ್ ಹೊರಡಿಸುವ ಒಂದು ಸೂಚನೆ. ಪ್ರೋಗ್ರಾಮ್ ಕೇಳಿದ ಪುಟವು ಮುಖ್ಯ ಮೆಮೊರಿಯಲ್ಲಿ ಇಲ್ಲದಿದ್ದಾಗ ಅಥವಾ ಅದನ್ನು ಬಳಸಲು ಅನುಮತಿ ಇಲ್ಲದಿದ್ದಾಗ ಇದು ಉಂಟಾಗುತ್ತದೆ. ಹೆಸರಿನಲ್ಲಿ ದೋಷವೆಂದಿದ್ದರೂ ಇದು ಯಾವಾಗಲೂ ತಪ್ಪಿನ ಲಕ್ಷಣವಲ್ಲ. ಆಪರೇಟಿಂಗ್ ಸಿಸ್ಟಮ್‌ನ ನಿತ್ಯದ ಕೆಲಸದ ಭಾಗವೂ ಹೌದು.

ಇತಿಹಾಸ

ಮೆಮೊರಿಯನ್ನು ಪುಟಗಳಾಗಿ ವಿಂಗಡಿಸುವ ಕ್ರಮವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಕಾರ್ಯಾರಂಭ ಮಾಡಿದ ಅಟ್ಲಾಸ್ ಗಣಕದಲ್ಲಿ ಅಳವಡಿಸಲಾಗಿತ್ತು. ಇಂಟೆಲ್ ಸಂಸ್ಥೆಯು 1985ರಲ್ಲಿ ಪ್ರಕಟಿಸಿದ 80386 ಪ್ರೊಸೆಸರ್‌ನಲ್ಲಿ ಈ ಸೌಲಭ್ಯವನ್ನು ಒದಗಿಸಿತು. ಅದರಲ್ಲಿ ಒಂದು ಪುಟದ ಗಾತ್ರ 4096 ಬೈಟ್.

ಕಾರ್ಯವಿಧಾನ

ಈ ಪ್ರೊಸೆಸರ್ ಕುಟುಂಬದಲ್ಲಿ ಪುಟದೋಷದ ಸಂಖ್ಯೆ 14. ದೋಷ ಉಂಟಾದೊಡನೆ ಪ್ರೊಸೆಸರ್, ಕೇಳಲಾದ ವಿಳಾಸವನ್ನು ಸಿಆರ್2 ಎಂಬ ರಿಜಿಸ್ಟರಿನಲ್ಲಿ ಇರಿಸುತ್ತದೆ. ನಿಂತುಹೋದ ಆದೇಶದ ವಿಳಾಸವನ್ನೂ ಒಂದು ದೋಷಸಂಕೇತವನ್ನೂ ಸ್ಟ್ಯಾಕ್‌ಗೆ ಸೇರಿಸಿ, ದೋಷ ನಿರ್ವಹಣೆಯ ಪ್ರೋಗ್ರಾಮಿಗೆ ನಿಯಂತ್ರಣವನ್ನು ಒಪ್ಪಿಸುತ್ತದೆ. ಪುಟ ಇರಲಿಲ್ಲವೇ ಅಥವಾ ಅನುಮತಿ ಇರಲಿಲ್ಲವೇ, ನಡೆದದ್ದು ಓದುವಿಕೆಯೇ ಬರವಣಿಗೆಯೇ, ಕೇಳಿದ್ದು ಬಳಕೆದಾರನ ಪ್ರೋಗ್ರಾಮೇ ಅಥವಾ ಕರ್ನೆಲ್ಲೇ ಎಂಬುದು ದೋಷಸಂಕೇತದ ಮೊದಲ ಮೂರು ಬಿಟ್‌ಗಳಿಂದ ತಿಳಿಯುತ್ತದೆ.

ಅಸೆಂಬ್ಲಿ ಭಾಷೆಯ ಪಾತ್ರ

ನಿರ್ವಹಣೆಯ ಆರಂಭ ಮತ್ತು ಅಂತ್ಯದ ಸಾಲುಗಳನ್ನು ಸಾಮಾನ್ಯವಾಗಿ ಅಸೆಂಬ್ಲಿಯಲ್ಲಿ ಬರೆಯಲಾಗುತ್ತದೆ. ನಿಂತ ಆದೇಶವು ಮತ್ತೆ ಮೊದಲಿನಿಂದ ನಡೆಯಬೇಕಾದ್ದರಿಂದ ಎಲ್ಲ ರಿಜಿಸ್ಟರುಗಳೂ ಇದ್ದ ಸ್ಥಿತಿಯಲ್ಲೇ ಉಳಿಯಬೇಕು. ಆದ್ದರಿಂದ ಮೊದಲು ಅವುಗಳನ್ನು ಸ್ಟ್ಯಾಕ್‌ನಲ್ಲಿ ಕಾಪಾಡಿ, ಬಳಿಕ ಸಿ ಭಾಷೆಯ ಭಾಗವನ್ನು ಕರೆಯಲಾಗುತ್ತದೆ. ಇನ್ನೊಂದು ಪುಟದೋಷ ಬಂದರೆ ಸಿಆರ್2ರಲ್ಲಿನ ವಿಳಾಸ ಅಳಿಸಿಹೋಗುವುದರಿಂದ ಅದನ್ನು ಬೇಗನೆ ಓದಿಕೊಳ್ಳಬೇಕು. ಮರಳುವಾಗ ರಿಜಿಸ್ಟರುಗಳನ್ನು ಪುನಃ ತುಂಬಿ, ದೋಷಸಂಕೇತವನ್ನು ಸ್ಟ್ಯಾಕ್‌ನಿಂದ ತೆಗೆದು, ಐರೆಟ್ ಆದೇಶವನ್ನು ನೀಡಬೇಕು. ಸಂಕೇತವನ್ನು ತೆಗೆಯಲು ಮರೆತರೆ ಪ್ರೊಸೆಸರ್ ಅದನ್ನೇ ಮರಳಬೇಕಾದ ವಿಳಾಸವೆಂದು ಭಾವಿಸುತ್ತದೆ.

ಪರಿಣಾಮಗಳು

ಪುಟವು ಡಿಸ್ಕ್‌ನಲ್ಲಿದ್ದರೆ ಆಪರೇಟಿಂಗ್ ಸಿಸ್ಟಮ್ ಅದನ್ನು ತಂದು ಪ್ರೋಗ್ರಾಮನ್ನು ಮುಂದುವರಿಸುತ್ತದೆ. ನಡುವೆ ತಡೆಯಾದದ್ದು ಪ್ರೋಗ್ರಾಮಿಗೆ ತಿಳಿಯುವುದೇ ಇಲ್ಲ. ವಿಳಾಸವೇ ಅಕ್ರಮವಾಗಿದ್ದರೆ ಲಿನಕ್ಸ್‌ನಲ್ಲಿ ಸೆಗ್ಮೆಂಟೇಶನ್ ಫಾಲ್ಟ್ ಎಂಬ ಸಂಕೇತವನ್ನು ಕಳುಹಿಸಲಾಗುತ್ತದೆ. ಬೇರೆ ಏರ್ಪಾಡು ಇಲ್ಲದಿದ್ದಲ್ಲಿ ಆ ಪ್ರೋಗ್ರಾಮ್ ಕೊನೆಗೊಳ್ಳುತ್ತದೆ.

ದೋಷದ ವಿವರವನ್ನು ಬರೆಯಬೇಕಾದ ಕರ್ನೆಲ್ ಸ್ಟ್ಯಾಕ್‌ನ ಪುಟವೇ ಇಲ್ಲದಿದ್ದರೆ 8ನೆಯ ಸಂಖ್ಯೆಯ ಇಮ್ಮಡಿ ದೋಷ ಉಂಟಾಗುತ್ತದೆ. ಅದರ ನಿರ್ವಹಣೆಗೂ ದಾರಿಯಿಲ್ಲದಿದ್ದರೆ ಮುಮ್ಮಡಿ ದೋಷವಾಗಿ, ಸಾಮಾನ್ಯವಾಗಿ ಇಡೀ ಕಂಪ್ಯೂಟರೇ ಯಾವ ಸಂದೇಶವನ್ನೂ ನೀಡದೆ ಮರುಆರಂಭವಾಗುತ್ತದೆ. ಇದನ್ನು ತಪ್ಪಿಸಲು 64 ಬಿಟ್ ವ್ಯವಸ್ಥೆಗಳಲ್ಲಿ ಇಮ್ಮಡಿ ದೋಷಕ್ಕೆ ಪ್ರತ್ಯೇಕ ಸ್ಟ್ಯಾಕ್ ಮೀಸಲಿಡುವ ಸೌಲಭ್ಯವಿದೆ.