ಉದ್ದ ವೀಲಿಂಗ್‌ಗೆ ಬೇಕಿರುವುದು ಎಂಜಿನ್ ಬಲವೇ? ಫಾರ್ವರ್ಡ್ ಆಗುವ ‘ಟಿಪ್ಸ್’ಗಳಲ್ಲಿ ನಿಜ ಎಷ್ಟು?

ಫೋನ್ ತೆಗೆದರೆ ಒಂದಲ್ಲ ಒಂದು ಗುಂಪಿನಲ್ಲಿ ವೀಲಿಂಗ್ ವಿಡಿಯೊ ಕಾಣುತ್ತದೆ. ಮುಂದಿನ ಚಕ್ರ ಆಕಾಶಕ್ಕೆ, ಹಿಂದೆ ಹಾಡು, ಕೆಳಗೆ ‘ಸುಲಭ ಟಿಪ್ಸ್’: ಆಕ್ಸಿಲರೇಟರ್ ಜೋರಾಗಿ ತಿರುವಿ, ಹ್ಯಾಂಡಲ್ ಎಳೆಯಿರಿ, ಬ್ರೇಕ್ ಮುಟ್ಟಬೇಡಿ. ಇದನ್ನು ನೋಡಿ ಮನೆಯ ಹುಡುಗ ಸ್ಕೂಟರ್ ಕೀ ಎತ್ತಿಕೊಂಡು ಹೊರಟರೆ, ಆ ಮೂರು ಸಾಲಿನ ಸಲಹೆ ಸರಿಯೋ ತಪ್ಪೋ ಎಂಬುದು ಅವನ ತಲೆಯ ಪ್ರಶ್ನೆಯಾಗುತ್ತದೆ. ಹಾಗಾಗಿ ಒಂದೊಂದಾಗಿ ಪರಿಶೀಲಿಸೋಣ.

ಚುಟುಕಾಗಿ ಹೇಳುವುದಾದರೆ: ಚಕ್ರವನ್ನು ಎತ್ತುವುದು ಬಲದ ಕೆಲಸ, ಎತ್ತಿದ್ದನ್ನು ಹೆಚ್ಚು ದೂರ ಹಿಡಿದಿಡುವುದು ಸಮತೋಲನದ ಕೆಲಸ. ಆ ಸಮತೋಲನ ಕಾಯುವುದು ಮುಖ್ಯವಾಗಿ ಹಿಂದಿನ ಬ್ರೇಕ್. ಉದ್ದ ವೀಲಿಂಗ್ ರಸ್ತೆಯಲ್ಲಿ ಏಕೆ ಸಲ್ಲದು ಎಂಬುದಕ್ಕೆ ಉತ್ತರವೂ ಇದರಲ್ಲೇ ಇದೆ.

ಮುಂದಿನ ಚಕ್ರ ಏಕೆ ಏಳುತ್ತದೆ?

ಬೈಕ್ ಮತ್ತು ಸವಾರ, ಇಬ್ಬರ ತೂಕವೂ ಒಂದೇ ಕಡೆ ಸೇರಿದೆ ಎಂದು ಲೆಕ್ಕ ಹಾಕಬಹುದಾದ ಜಾಗವೇ ಗುರುತ್ವ ಕೇಂದ್ರ. ಸಾಮಾನ್ಯ ಬೈಕ್‌ನಲ್ಲಿ ಅದು ಹೆಚ್ಚುಕಡಿಮೆ ಎರಡು ಚಕ್ರಗಳ ನಡುವೆ, ನೆಲದಿಂದ ಎರಡು ಅಡಿಗಳಷ್ಟು ಮೇಲೆ ಇರುತ್ತದೆ. ಹಿಂದಿನ ಚಕ್ರ ನೆಲವನ್ನು ಹಿಂದಕ್ಕೆ ತಳ್ಳಿದಾಗ ಬೈಕ್ ಮುಂದಕ್ಕೆ ನುಗ್ಗುತ್ತದೆ, ಮೇಲಿನ ತೂಕ ಹಿಂದೆ ಉಳಿಯಲು ನೋಡುತ್ತದೆ. ಬಸ್ ದಿಢೀರನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವ ಹಾಗೆ. ಈ ವಾಲುವಿಕೆ ತೂಕವನ್ನು ಮೀರಿದರೆ ಮುಂದಿನ ಚಕ್ರ ಏಳುತ್ತದೆ.

ಗುರುತ್ವ ಕೇಂದ್ರ ಹಿಂದಿನ ಅಚ್ಚಿಗಿಂತ 65 ಸೆಂ.ಮೀ. ಮುಂದೆ ಮತ್ತು ನೆಲದಿಂದ 65 ಸೆಂ.ಮೀ. ಎತ್ತರದಲ್ಲಿ ಇದೆ ಎಂದುಕೊಳ್ಳಿ. ಆಗ ಬರೀ ಆಕ್ಸಿಲರೇಟರ್‌ನಿಂದ ಚಕ್ರ ಎತ್ತಲು ಬೇಕಾಗುವ ವೇಗೋತ್ಕರ್ಷ ಸೊನ್ನೆಯಿಂದ 60 ಕಿ.ಮೀ. ವೇಗವನ್ನು ಎರಡು ಸೆಕೆಂಡ್‌ಗೂ ಕಡಿಮೆ ಸಮಯದಲ್ಲಿ ಮುಟ್ಟುವಷ್ಟು. ದಿನನಿತ್ಯದ 125 ಸಿಸಿ ಬೈಕ್‌ಗೆ ಅದಕ್ಕೆ 5 ಸೆಕೆಂಡ್‌ಗೂ ಹೆಚ್ಚು ಬೇಕು.

ಹೇಳಿಕೆ 1: ದೊಡ್ಡ ಎಂಜಿನ್, ಗಟ್ಟಿ ತೋಳು ಇದ್ದವರಿಗೆ ಮಾತ್ರ ಸಾಧ್ಯ

ಸುಳ್ಳು. ಸಣ್ಣ ಬೈಕ್‌ಗಳಲ್ಲಿ ಎಂಜಿನ್ ವೇಗ ಏರಿಸಿ ಕ್ಲಚ್ಚನ್ನು ಪಕ್ಕನೆ ಬಿಡುತ್ತಾರೆ. ತಿರುಗುತ್ತಿರುವ ಎಂಜಿನ್ನಿನ ಭಾಗಗಳಲ್ಲಿ ಕೂಡಿಟ್ಟ ಶಕ್ತಿ ಒಮ್ಮೆಗೇ ಹಿಂದಿನ ಚಕ್ರಕ್ಕೆ ಬರುತ್ತದೆ.

ಕ್ಲಚ್ ಲಿವರ್ ಇಲ್ಲದ 110 ಸಿಸಿ ಸ್ಕೂಟರ್ ಹೇಗೆ ಏಳುತ್ತದೆ ಎಂದು ಕೇಳಬಹುದು. ಹಿಂದೆ ಹೊರೆ ಹೆಚ್ಚಾದ ಎತ್ತಿನ ಗಾಡಿಯ ಮೂಕಿ ಮೇಲೇಳುವುದನ್ನು ನೆನಪಿಸಿಕೊಳ್ಳಿ. ಸವಾರ ಸೀಟಿನ ತುದಿಗೆ ಸರಿದು, ಹಿಂಬದಿ ಸವಾರ ಅಚ್ಚಿಗಿಂತಲೂ ಹಿಂದೆ ಕೂತರೆ ಗುರುತ್ವ ಕೇಂದ್ರ ಹಿಂದಕ್ಕೆ ಬರುತ್ತದೆ. ಮೇಲಿನ ಲೆಕ್ಕದ 65 ಸೆಂ.ಮೀ. ಅರ್ಧಕ್ಕೆ ಇಳಿದರೆ ಬೇಕಾದ ಬಲವೂ ಅರ್ಧವಾಗುತ್ತದೆ. ಸುಲಭವಾಗಿ ಏಳುವುದು ಸುಲಭವಾಗಿ ಹಿಂದಕ್ಕೆ ಮಗುಚುತ್ತದೆ ಎಂಬುದನ್ನು ಮಾತ್ರ ರೀಲ್ಸ್ ಹೇಳುವುದಿಲ್ಲ.

ಹೇಳಿಕೆ 2: ಹೆಚ್ಚು ದೂರ ಹೋಗಬೇಕಾದರೆ ವೇಗ ಹೆಚ್ಚಿಸುತ್ತಲೇ ಇರಬೇಕು

ಸುಳ್ಳು. ಹೊಸಬರು ಎಡವುವುದು ಇಲ್ಲೇ. ಚಕ್ರವನ್ನು ಸ್ವಲ್ಪವೇ ಎತ್ತಿದರೆ ತೂಕ ಅದನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಬೀಳದಂತೆ ತಡೆಯಲು ವೇಗ ಏರಿಸುತ್ತಲೇ ಹೋಗಬೇಕು, ಎಂಜಿನ್ ಮಿತಿ ಮುಟ್ಟಿದ ಕೂಡಲೇ ಚಕ್ರ ದೊಪ್ಪನೆ ಬೀಳುತ್ತದೆ.

ಬೈಕ್ ಇನ್ನೂ ಮೇಲೆದ್ದು, ಗುರುತ್ವ ಕೇಂದ್ರ ಹಿಂದಿನ ಅಚ್ಚಿನ ನೇರ ಮೇಲಕ್ಕೆ ಬಂದಾಗ ಚಿತ್ರ ಬದಲಾಗುತ್ತದೆ. ಇದೇ ಸಮತೋಲನ ಬಿಂದು. ನಮ್ಮ ಲೆಕ್ಕದ ಬೈಕ್‌ನಲ್ಲಿ ಅದು ಸುಮಾರು 60 ಡಿಗ್ರಿ. ಸವಾರ ಹಿಂದಕ್ಕೆ ಸರಿದಷ್ಟೂ ಅದು ಬೇಗ ಬರುತ್ತದೆ. ಅಲ್ಲಿ ತೂಕ ಮುಂದಕ್ಕೂ ಎಳೆಯದು, ಹಿಂದಕ್ಕೂ ಎಳೆಯದು. ಒಂದೇ ವೇಗದಲ್ಲಿ, ನಿಧಾನವಾಗಿಯೂ ಹೋಗಬಹುದು.

ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ಆಡಿದ್ದೀರಲ್ಲವೇ? ಕೋಲು ಯಾವ ಕಡೆ ವಾಲಿತೋ ಆ ಕಡೆಗೆ ಅಂಗೈ ಸರಿಸುತ್ತೀರಿ. ಇಲ್ಲಿ ಅಂಗೈ ಎಂದರೆ ಹಿಂದಿನ ಚಕ್ರ. ಮುಂದಕ್ಕೆ ಬೀಳತೊಡಗಿದರೆ ಒಂದಿಷ್ಟು ಆಕ್ಸಿಲರೇಟರ್, ಹಿಂದಕ್ಕೆ ಬೀಳತೊಡಗಿದರೆ ಒಂದಿಷ್ಟು ಹಿಂದಿನ ಬ್ರೇಕ್. ಅಕ್ಕಪಕ್ಕದ ವಾಲಿಕೆಯನ್ನು ಮೊಣಕಾಲು, ಸೊಂಟ ಮತ್ತು ಪೆಡಲ್ ಮೇಲಿನ ಒತ್ತಡದಿಂದ ಸರಿಪಡಿಸುತ್ತಾರೆ.

ದಾಖಲೆಗಳೂ ಇದನ್ನೇ ಹೇಳುತ್ತವೆ. 1984ರಲ್ಲಿ ಅಮೆರಿಕದ ಡಗ್ ಡೊಮೊಕೊಸ್ ಟಾಲಡೀಗಾ ರೇಸ್ ಟ್ರ್ಯಾಕಿನಲ್ಲಿ 145 ಮೈಲಿ, ಅಂದರೆ ಸುಮಾರು 233 ಕಿ.ಮೀ. ದೂರ ಒಂದೇ ಚಕ್ರದಲ್ಲಿ ಸಾಗಿದರು. 1991ರಲ್ಲಿ ಜಪಾನಿನ ಯಾಸುಯುಕಿ ಕುಡೊ 331 ಕಿ.ಮೀ. ಸಾಗಿದರು. ಕುಡೊ ಬಳಸಿದ್ದು ರೇಸ್ ಬೈಕ್ ಅಲ್ಲ, ಬಂಡೆ ಹತ್ತುವ ಸ್ಪರ್ಧೆಗಳಿಗೆ ಬಳಸುವ ಹಗುರವಾದ ಹೋಂಡಾ ಟಿಎಲ್‌ಎಂ 220 ಆರ್. ಎರಡೂ ನಡೆದದ್ದು ಬೇರೆ ವಾಹನ ಬಾರದ, ಮುಚ್ಚಿದ ಟ್ರ್ಯಾಕಿನಲ್ಲಿ.

ಹೇಳಿಕೆ 3: ಹಿಂದಿನ ಬ್ರೇಕ್ ಮುಟ್ಟಬೇಡಿ, ಆಕ್ಸಿಲರೇಟರ್ ಬಿಟ್ಟರೆ ತಾನಾಗಿ ಇಳಿಯುತ್ತದೆ

ಅತ್ಯಂತ ಅಪಾಯಕಾರಿ ಸುಳ್ಳು. ಸಮತೋಲನ ಬಿಂದುವಿಗಿಂತ ಕೆಳಗಿದ್ದಾಗ ಆಕ್ಸಿಲರೇಟರ್ ಬಿಟ್ಟರೆ ಇಳಿಯುತ್ತದೆ, ನಿಜ. ಆ ಬಿಂದು ದಾಟಿದ ಮೇಲೆ ತೂಕವೇ ಬೈಕನ್ನು ಹಿಂದಕ್ಕೆ ಎಳೆಯುತ್ತದೆ. ಆಗ ನಂಬಬಹುದಾದ ಉಪಾಯ ಹಿಂದಿನ ಬ್ರೇಕ್ ಒಂದೇ. ಬ್ರೇಕ್ ಬಿದ್ದಾಗ ಕೆಳಗಿನ ಚಕ್ರ ನಿಧಾನವಾಗುತ್ತದೆ, ಮೇಲಿನ ತೂಕ ಮುಂದಕ್ಕೆ ವಾಲಿ ಚಕ್ರವನ್ನು ನೆಲಕ್ಕೆ ತರುತ್ತದೆ.

ಬೈಕ್ ಹಿಂದಕ್ಕೆ ಮಗುಚಿದರೆ ಸವಾರ ಬೀಳುವುದು ಬೆನ್ನು, ಬೆನ್ನುಮೂಳೆಯ ತುದಿ ಮತ್ತು ತಲೆಯ ಹಿಂಭಾಗದ ಮೇಲೆ. ಹಿಂಬದಿ ಸವಾರ ಇದ್ದರೆ ಮೊದಲು ನೆಲಕ್ಕೆ ಬೀಳುವುದು ಅವರೇ. ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42 ಶೇಕಡಾ, ತಲೆಗೆ ಪೆಟ್ಟಾಗುವ ಅಪಾಯವನ್ನು ಸುಮಾರು 69 ಶೇಕಡಾ ತಗ್ಗಿಸುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಿಶೀಲನೆ ಕಂಡುಕೊಂಡಿದೆ. ಆದರೆ ಬೆನ್ನುಮೂಳೆಗೆ ಹೆಲ್ಮೆಟ್ ಇಲ್ಲ.

ಸ್ಕೂಟರ್ ಓಡಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ದ್ವಿಚಕ್ರ ವಾಹನಗಳಲ್ಲಿ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ ಅಥವಾ ಎಬಿಎಸ್ ಕಡ್ಡಾಯ. ಒಟ್ಟಿಗೆ ಹಿಡಿಯುವ ಸ್ಕೂಟರ್‌ನಲ್ಲಿ ಎಡಗೈ ಬ್ರೇಕ್ ಒತ್ತಿದರೆ ಗಾಳಿಯಲ್ಲಿರುವ ಮುಂದಿನ ಚಕ್ರವೂ ನಿಂತುಬಿಡಬಹುದು. ನಿಂತ ಚಕ್ರ ಓಡುವ ರಸ್ತೆಗೆ ತಾಗಿದರೆ ಜಾರುತ್ತದೆ.

ಹೇಳಿಕೆ 4: ಬೈಕ್‌ಗೆ ಏನೂ ಆಗುವುದಿಲ್ಲ

ಸುಳ್ಳು. ಎಂಜಿನ್ ಆಯಿಲ್ ಕೆಳಗಿನ ತೊಟ್ಟಿಯಲ್ಲಿ ಇರುತ್ತದೆ, ಪಂಪ್ ಅದನ್ನು ಅಲ್ಲಿಂದ ಹೀರುತ್ತದೆ. ಬೈಕ್ ತುಂಬಾ ಹೊತ್ತು ಎದ್ದು ನಿಂತರೆ ಆಯಿಲ್ ಹಿಂದಕ್ಕೆ ಹರಿಯುತ್ತದೆ. ಪಂಪಿನ ಬಾಯಿಗೆ ಆಯಿಲ್ ಬದಲು ಗಾಳಿ ಸಿಗಬಹುದು. ಆಯಿಲ್ ಇಲ್ಲದೆ ತಿರುಗುವ ಬೇರಿಂಗ್‌ಗಳು ಬೇಗನೆ ಹಾಳಾಗುತ್ತವೆ. ವೃತ್ತಿಪರ ಸ್ಟಂಟ್ ಬೈಕ್‌ಗಳಲ್ಲಿ ಈ ಭಾಗವನ್ನೇ ಮಾರ್ಪಡಿಸುವುದು ಇದಕ್ಕಾಗಿ. ಜೊತೆಗೆ ದೊಪ್ಪನೆ ಇಳಿಸಿದಾಗಲೆಲ್ಲ ಮುಂದಿನ ಫೋರ್ಕ್‌ನ ಸೀಲ್, ಹ್ಯಾಂಡಲ್ ಬುಡದ ಬೇರಿಂಗ್, ಚಕ್ರದ ರಿಮ್ ಪೆಟ್ಟು ತಿನ್ನುತ್ತವೆ. ಕ್ಲಚ್ ಮತ್ತು ಚೈನ್ ಬೇಗ ಸವೆಯುತ್ತವೆ. ಅದೇ ಬೈಕ್‌ನಲ್ಲಿ ಮರುದಿನ ಅಮ್ಮನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವವರು ಇದನ್ನು ನೆನಪಿಡಬೇಕು.

ಹೇಳಿಕೆ 5: ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಮಾಡಿದರೆ ಅಪಾಯವಿಲ್ಲ, ಸಿಕ್ಕಿಬಿದ್ದರೆ ಬರೀ ದಂಡ

ಎರಡೂ ಸುಳ್ಳು. ಮೊದಲು ಅಪಾಯದ ಲೆಕ್ಕ. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡ್‌ಗೆ ಸುಮಾರು 11 ಮೀಟರ್. ಎರಡೂ ಚಕ್ರ ನೆಲದ ಮೇಲಿದ್ದು, ಒಣ ರಸ್ತೆಯಲ್ಲಿ ನಾಯಿ ಅಡ್ಡ ಬಂದರೆ, ಅದನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್, ಅಂದರೆ 11 ಮೀಟರ್. ನಿಲ್ಲಲು ಇನ್ನು 9 ಮೀಟರ್. ಒಟ್ಟು ಸುಮಾರು 20 ಮೀಟರ್. ವೀಲಿಂಗ್‌ನಲ್ಲಿ ಮೊದಲು ಚಕ್ರ ಇಳಿಸಬೇಕು. ಅದಕ್ಕೆ ಒಂದು ಸೆಕೆಂಡ್ ಹಿಡಿದರೂ ಮತ್ತೆ 11 ಮೀಟರ್ ಸೇರಿ 30 ಮೀಟರ್ ದಾಟುತ್ತದೆ. ಅಷ್ಟರವರೆಗೆ ಹ್ಯಾಂಡಲ್ ತಿರುಗಿಸಿ ತಪ್ಪಿಸಿಕೊಳ್ಳಲೂ ಆಗದು, ಮುಂದಿನ ಬ್ರೇಕಿನಿಂದ ಪ್ರಯೋಜನವೂ ಇಲ್ಲ. ಎದ್ದು ನಿಂತ ಬೈಕ್ ಎದುರಿನ ರಸ್ತೆಯನ್ನೇ ಮರೆಮಾಡುವುದರಿಂದ ಆ ನಾಯಿ ಕಾಣುವುದೇ ತಡವಾಗಬಹುದು. ಅದು ನಾಯಿಯೋ, ಹಾಲು ತರಲು ಹೊರಟ ಅಜ್ಜಿಯೋ, ಲೆಕ್ಕ ಒಂದೇ.

ಇನ್ನು ಕಾನೂನು. ಅಪಾಯಕಾರಿ ಚಾಲನೆಗೆ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಪ್ರಕಾರ ಮೊದಲ ಬಾರಿಗೆ 6 ತಿಂಗಳಿಂದ 1 ವರ್ಷ ಜೈಲು ಅಥವಾ 1,000ದಿಂದ 5,000 ರೂಪಾಯಿ ದಂಡ ಅಥವಾ ಎರಡೂ. ಅಪ್ರಾಪ್ತ ವಯಸ್ಸಿನವರು ಸಿಕ್ಕಿಬಿದ್ದರೆ 199ಎ ಕಲಂ ಅನ್ವಯ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ತನಗೆ ಗೊತ್ತಿರಲಿಲ್ಲ ಎಂದು ಪೋಷಕರು ಹೇಳಿದರೆ ಸಾಲದು, ಅದನ್ನು ಅವರೇ ಸಾಬೀತು ಮಾಡಬೇಕು.

ಗಂಗಾವತಿಯ ವೀಲಿಂಗ್ ಪ್ರಕರಣವೊಂದರಲ್ಲಿ 2025ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ಆರೋಪಿಗೆ ಜಾಮೀನು ನಿರಾಕರಿಸಿತು. ವೀಲಿಂಗ್ ತಡೆಗೆ ಇನ್ನಷ್ಟು ಕಠಿಣ ಕಾನೂನು ಬೇಕು ಎಂದೂ ಸರ್ಕಾರಕ್ಕೆ ಹೇಳಿತು. ಪರಿಹಾರದ ವಿಷಯದಲ್ಲೂ ಭ್ರಮೆ ಬೇಡ. ಅರಸೀಕೆರೆ ಬಳಿ 2014ರಲ್ಲಿ ನಡೆದ ಕಾರು ಅಪಘಾತದ ಪ್ರಕರಣದಲ್ಲಿ, ತನ್ನದೇ ಅಜಾಗರೂಕ ಚಾಲನೆಯಿಂದ ಸತ್ತ ವ್ಯಕ್ತಿಯ ಕುಟುಂಬಕ್ಕೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂಬ ಹೈಕೋರ್ಟ್ ತೀರ್ಪಿನಲ್ಲಿ ಮಧ್ಯಪ್ರವೇಶಿಸಲು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಹಾಗಾದರೆ ವೃತ್ತಿಪರರು ಕಲಿಯುವುದು ಹೇಗೆ?

ರೀಲ್ಸ್‌ನಲ್ಲಿ ಕಾಣುವ 15 ಸೆಕೆಂಡಿನ ಹಿಂದೆ ಕಾಣದ ಸಿದ್ಧತೆ ಬಹಳ ಇರುತ್ತದೆ. ಅವರ ಕ್ರಮ ಫಾರ್ವರ್ಡ್‌ಗಳಲ್ಲಿ ಬರುವುದಕ್ಕೆ ತಲೆಕೆಳಗು: ಮೊದಲ ಪಾಠ ಎತ್ತುವುದಲ್ಲ, ಇಳಿಸುವುದು.

• ಜಾಗ: ಮುಚ್ಚಿದ ಟ್ರ್ಯಾಕ್ ಅಥವಾ ಅನುಮತಿ ಪಡೆದ ಖಾಸಗಿ ಮೈದಾನ, ಪಕ್ಕದಲ್ಲಿ ನೆರವಿಗೆ ಜನ.

• ಬೈಕ್: ಹಿಂದಕ್ಕೆ ಮಗುಚದಂತೆ ಹಿಂಬದಿಗೆ ಕಬ್ಬಿಣದ ಕಂಬಿ, ಕೈಯಿಂದಲೂ ಒತ್ತಬಹುದಾದ ಹಿಂದಿನ ಬ್ರೇಕ್, ನಿಧಾನ ವೇಗದಲ್ಲೇ ಏಳುವಂತೆ ದೊಡ್ಡ ಹಿಂದಿನ ಸ್ಪ್ರಾಕೆಟ್. ಕೆಲವು ತರಬೇತಿ ಶಾಲೆಗಳಲ್ಲಿ ಮೊದಲು ನೆಲಕ್ಕೆ ಬಿಗಿದ ಯಂತ್ರದ ಮೇಲೆ ಅಭ್ಯಾಸ.

• ಮೈ: ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಬೆನ್ನಿನ ರಕ್ಷಾಕವಚ, ಕೈಗವಸು, ಮೊಣಕಾಲು ಪಟ್ಟಿ, ಬೂಟು.

• ಅಭ್ಯಾಸ: ಸ್ವಲ್ಪವೇ ಎತ್ತಿ, ಪ್ರತಿ ಸಲವೂ ಹಿಂದಿನ ಬ್ರೇಕ್‌ನಿಂದಲೇ ಇಳಿಸುವುದು. ಯೋಚಿಸದೆಯೇ ಕಾಲು ಬ್ರೇಕಿಗೆ ಹೋಗುವ ತನಕ ಎತ್ತರ ಹೆಚ್ಚಿಸುವುದಿಲ್ಲ.

ನಮ್ಮ ನಾಡಿನಲ್ಲೇ ಒಂದು ಉದಾಹರಣೆ ಇದೆ. 2017ರ ನವೆಂಬರ್‌ನಲ್ಲಿ ಸೇನೆಯ ‘ಟೊರ್ನಾಡೋಸ್’ ತಂಡ ಒಂದೇ ಬೈಕ್ ಮೇಲೆ 58 ಜನರನ್ನು ಹೊತ್ತು ದಾಖಲೆ ಮಾಡಿತು. ಅದು ವೀಲಿಂಗ್ ಅಲ್ಲ, ಆದರೂ ಜಾಗ ಗಮನಿಸಿ: ಯಲಹಂಕದ ವಾಯುನೆಲೆ. ತರಬೇತಿ ಪಡೆದ ಸೈನಿಕರೂ ಸಾಹಸಕ್ಕೆ ಊರಿನ ರಸ್ತೆ ಆರಿಸಲಿಲ್ಲ.

ಸಾರಾಂಶ

ಉದ್ದ ವೀಲಿಂಗ್ ಸಾಧ್ಯ, ಅದು ಕಲಿಯಬಹುದಾದ ಕೌಶಲವೂ ಹೌದು. ಅದು ನಿಂತಿರುವುದು ಸಮತೋಲನ ಬಿಂದು ಮತ್ತು ಹಿಂದಿನ ಬ್ರೇಕ್ ಮೇಲೆ. ಆ ಬಿಂದುವಿನಲ್ಲಿರುವ ಸವಾರನಿಗೆ ತಿರುಗಿಸಲು ಮುಂದಿನ ಚಕ್ರವಿಲ್ಲ, ತಕ್ಷಣ ನಿಲ್ಲಿಸಲು ಎರಡು ಬ್ರೇಕ್ ಇಲ್ಲ. ಹಾಗಾಗಿ ಎಷ್ಟೇ ನುರಿತವರಾದರೂ ರಸ್ತೆ ಅದಕ್ಕೆ ಜಾಗವಲ್ಲ.

ಮುಂದಿನ ಬಾರಿ ‘ಬ್ರೇಕ್ ಮುಟ್ಟಬೇಡಿ’ ಎನ್ನುವ ವಿಡಿಯೊ ಬಂದರೆ ಫಾರ್ವರ್ಡ್ ಮಾಡುವ ಮೊದಲು ನಿಮ್ಮ ಗುಂಪಿನಲ್ಲಿ ಎಷ್ಟು ಹುಡುಗರಿದ್ದಾರೆ ಎಂದು ಒಮ್ಮೆ ಎಣಿಸಿ. ವಿಡಿಯೊ ಬದಲು ಅವರಿಗೆ ಈ ಲೆಕ್ಕ ಕಳುಹಿಸಿ: ಎರಡೂ ಚಕ್ರ ನೆಲದ ಮೇಲಿದ್ದರೆ 20 ಮೀಟರ್, ಒಂದೇ ಇದ್ದರೆ 30 ಮೀಟರ್‌ಗೂ ಹೆಚ್ಚು.